ಚೆನ್ನಾಜಮ್ಮನಿಗೆ ನಾವು ಮಾಡಿದ ಸೇವೆ

ನನ್ನ ಅಂಗಿಗಳಿಗೆಲ್ಲ ಎಡಗಡೆ ಎದೆಯ ಮೇಲೆ ತೂತುಗಳಿವೆ. ಇಲಿ ಕಡಿದದ್ದಲ್ಲ, ಬೀಡಿಯ ಕಿಡಿ ಬಿದ್ದದ್ದೂ ಅಲ್ಲ. ಕ್ಲಬ್ಬಿನ ಪಿನ್ನು ಚುಚ್ಚಿ ಚುಚ್ಚಿ ಆದವು. ಮೊನ್ನೆ ನನ್ನ ಹೆಂಡತಿ ಬಟ್ಟೆ ಹರವುತ್ತಾ ಒಂದು ಅಂಗಿಯನ್ನು ಬಿಸಿಲಿಗೆ ಹಿಡಿದಳು. ತೂತಿನಲ್ಲಿ ಕಣ್ಣಿಟ್ಟು ನನ್ನನ್ನೇ ನೋಡಿ, "ಊರ್ಗೆಲ್ಲ ಸೇವ ಮಾಡ್ದ ಎದ, ಎಂಗ್ ತೂತ್ ಬಿದ್ದದ ನೋಡಿ" ಅಂದಳು. ನಗಬೇಕಿತ್ತು. ಸಿಟ್ಟು ಬಂತು. ಈಚೆಗೆ ನನಗೆ ಎಲ್ಲದಕ್ಕೂ ಸಿಟ್ಟು. ಗಂಟೆಯ ಸದ್ದು ಕೇಳಿದರೆ ಸಿಟ್ಟು, ಯಾರಾದರೂ ಶಾಲು ಮಡಿಸುತ್ತಿದ್ದರೆ ಸಿಟ್ಟು, ಚಪ್ಪಾಳೆಯಂತೂ ಕಿವಿಗೆ ಕಾದ ಎಣ್ಣೆ ಹೊಯ್ದ ಹಾಗೆ. ಯಾಕೆ ಅಂತ ಹೇಳಿಬಿಡುತ್ತೇನೆ. ನೀವು ಕೇಳಿ ಸುಮ್ಮನಿದ್ದರೆ ಸಾಕು. ದಯವಿಟ್ಟು ಹೊಗಳಬೇಡಿ.

ಕ್ಲಬ್ಬು ಅಂದರೆ ಇಸ್ಪೀಟು ಆಡುವ ಜಾಗವಲ್ಲ. ಇದು ಸೇವಾ ಕ್ಲಬ್ಬು. ತಮಿಳುನಾಡಿಗೆ ಸೇರಿದ ನಮ್ಮ ತಾಳವಾಡಿಯ ಒಂದು ಮದುವೆ ಮಂಟಪದ ಹಿಂದಿನ ಕೋಣೆಯಲ್ಲಿ ಶನಿವಾರ ಸಂಜೆ ಸೇರುತ್ತೇವೆ. ಗಂಟೆ ಬಾರಿಸಿದರೆ ಸಭೆ ಶುರು, ಇನ್ನೊಮ್ಮೆ ಬಾರಿಸಿದರೆ ಮುಗಿಯಿತು. ಪಿನ್ನಿಲ್ಲದೆ ಬಂದವನಿಗೆ ದಂಡ, ಪಕ್ಕದಲ್ಲಿ ಕೂತವನ ಹೆಂಡತಿಯ ಹೆಸರು ಗೊತ್ತಿಲ್ಲದವನಿಗೂ ದಂಡ, ಆ ದಂಡದ ದುಡ್ಡಿಗೆ ಬೋಂಡ. ಗೊಬ್ಬರದ ಅಂಗಡಿಯವರು, ರಿಟೈರಾದ ಮೇಷ್ಟ್ರುಗಳು, ತಮಿಳು ಮಾತಾಡುವ ಜವಳಿ ವ್ಯಾಪಾರಿಗಳು, ಕನ್ನಡ ಮಾತಾಡುವ ರೈತರು ಎಲ್ಲ ಒಂದೇ ಮೇಜಿನ ಸುತ್ತ. ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿ ಪಂಪ್‌ಸೆಟ್ಟಿನ ಬಿಡಿಭಾಗ ಮಾರುತ್ತಿದ್ದ ನನ್ನಂಥವನು ಒಳಗೆ ಬಂದರೆ ಎಲ್ಲರೂ ಎದ್ದು ನಿಂತು "ಬನ್ನಿ ನಂಜಪ್ಪನವರೇ" ಅನ್ನುವುದು ಪ್ರಪಂಚದಲ್ಲಿ ಅದೊಂದೇ ಕೋಣೆಯಲ್ಲಿ. ಆ ಸುಖವನ್ನು ನಾನು ಇಲ್ಲ ಅನ್ನಲಾರೆ.

ಒಳ್ಳೆಯ ಕೆಲಸ ಮಾಡಿಲ್ಲ ಅಂತಲೂ ಅಲ್ಲ. ಕಣ್ಣಿಗೆ ಪೊರೆ ಬಂದ ಮುದುಕರನ್ನು ಬಸ್ಸು ಮಾಡಿ ಸತ್ಯಮಂಗಲಕ್ಕೆ ಕರೆದುಕೊಂಡು ಹೋಗಿದ್ದೇವೆ. ಘಟ್ಟದ ತಿರುವಿನಲ್ಲಿ ವ್ಯಾನು ಮಗುಚಿದ ದಿನ ಸಾಲಾಗಿ ಮಲಗಿ ರಕ್ತ ಕೊಟ್ಟಿದ್ದೇವೆ. ಆದರೆ ಬಸ್ಸು ನಿಲ್ಲುವ ಕಡೆ ಸಿಮೆಂಟಿನ ಬೆಂಚು ಹಾಕಿಸಿದಾಗ ಸರಿಯಾಗಿ ಒರಗುವ ಜಾಗದಲ್ಲೇ ನಮ್ಮ ಹೆಸರುಗಳನ್ನು ದಪ್ಪಕ್ಷರದಲ್ಲಿ ಬರೆಸಿದೆವು. ಬಣ್ಣ ಒಣಗುವ ಮೊದಲೇ ಉದ್ಘಾಟನೆ ಆಯಿತು. ಯಾರೋ ಹೆಂಗಸು ಒರಗಿ ಕೂತಳು. ಬೆನ್ನ ಮೇಲೆ ನನ್ನ ಹೆಸರನ್ನು ತಿರುವುಮುರುವಾಗಿ ಹೊತ್ತುಕೊಂಡು ಚಾಮರಾಜನಗರದ ಬಸ್ಸು ಹತ್ತಿದಳು. ಗಡಿಯಾಚೆಗೂ ನಮ್ಮ ಸೇವೆ ಹೋಯಿತು ಅಂತ ನಾವು ನಕ್ಕೆವು. ಅವಳ ಸೀರೆ ಹಾಳಾಯಿತಲ್ಲ ಅಂತ ಒಬ್ಬನ ಬಾಯಲ್ಲೂ ಬರಲಿಲ್ಲ. ಆಗಲೇ ನನಗೆ ಬುದ್ಧಿ ಬರಬೇಕಿತ್ತು.

ಮಾದಪ್ಪನನ್ನು ಕ್ಲಬ್ಬಿಗೆ ಸೇರಿಸಿದವನು ನಾನೇ. ನಾವಿಬ್ಬರೂ ಪಣಕಹಳ್ಳಿಯವರು, ಒಂದೇ ಓಣಿ. ತಾಳವಾಡಿಯ ಹೈಸ್ಕೂಲಿಗೆ ಒಟ್ಟಿಗೆ ನಡೆದು ಹೋದವರು. ನಾನು ಅಂಗಡಿ ಇಟ್ಟೆ, ಅವನು ಹೊಲದಲ್ಲೇ ಉಳಿದು ರಾಗಿ, ಕೋಸು ಬೆಳೆದ. ಅವನ ಅವ್ವ ಚೆನ್ನಾಜಮ್ಮ. ನನ್ನ ಅವ್ವ ಬೇಗ ತೀರಿಹೋದದ್ದರಿಂದ ನಾನು ಆಕೆಯನ್ನೇ ಅವ್ವ ಅನ್ನುತ್ತಿದ್ದೆ. ಸ್ಕೂಲಿಗೆ ಹೊತ್ತಾಯಿತು ಅಂತ ರೊಟ್ಟಿಯನ್ನು ಸುರುಳಿ ಸುತ್ತಿ ಬಾಯಿಗಿಟ್ಟುಕೊಂಡು ಓಡಲು ಹೋದರೆ ಆಕೆ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದಳು. "ಕುಂತ್ಕಂಡ್ ಉಣ್ಲಾ. ನಿಂತ್ಕಂಡ್ ಮೇಯಕ ನೀನೇನ್ ದನ್ವಾ?" ಅನ್ನುವಳು. ಹುಚ್ಚೆಳ್ಳಿನ ಚಟ್ನಿ ಕೈಗೆಲ್ಲ ಕರ್ರಗೆ ಮೆತ್ತಿಕೊಳ್ಳುತ್ತಿತ್ತು. ಕೈ ತೊಳೆಯುವವರೆಗೂ ಬಿಡುತ್ತಿರಲಿಲ್ಲ. ಬೆಳ್ಳುಳ್ಳಿ ಬಿಡಿಸುವಾಗ ಕೂತಿರುವಳು, ರಾಗಿ ಕೇರುವಾಗ ಕೂತಿರುವಳು, ಜ್ವರ ಬಂದರೂ ಕಂಬಕ್ಕೆ ಒರಗಿ ಕೂತಿರುವಳು. ಆಕೆ ಮಲಗಿದ್ದನ್ನು ನಾನು ಹುಡುಗನಾಗಿದ್ದಾಗ ಒಂದು ದಿನವೂ ಕಂಡಿಲ್ಲ.

ಇಲ್ಲಿ ಒಂದು ಮಾತು ಗೊತ್ತಿರಬೇಕು. ಲಿಂಗ ಕಟ್ಟುವ ನಮ್ಮ ಜನರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಸುಡುವುದೂ ಇಲ್ಲ. ಉಸಿರು ಹೋದ ಸ್ವಲ್ಪ ಹೊತ್ತಿಗೇ, ಮೈಯ ಬಿಸಿ ಆರುವ ಮೊದಲು, ಕಾಲು ಮಡಚಿ ಚಕ್ಕಂಬಕ್ಕಳ ಹಾಕಿ ಗೋಡೆಗೆ ಕೂರಿಸುತ್ತೇವೆ. ಹಣೆಗೆ ವಿಭೂತಿ, ಎಡಗೈಯಲ್ಲಿ ಲಿಂಗ. ಮುಂದೆ ಭಜನೆ. ಆಮೇಲೆ ಬಿದಿರಿನಲ್ಲಿ ಕಟ್ಟಿದ ವಿಮಾನದಲ್ಲಿ ಕೂರಿಸಿಕೊಂಡೇ ಹೊತ್ತು, ಚೌಕವಾಗಿ ತೋಡಿದ ಗುಣಿಯಲ್ಲಿ ಕೂರಿಸಿಯೇ ಮಣ್ಣು ಮಾಡುತ್ತೇವೆ. ಪೂಜೆಗೆ ಕೂತವರು ಹಾಗೇ ಶಿವನ ಹತ್ತಿರ ಹೋದರು ಅಂತ ಲೆಕ್ಕ. ನನ್ನ ತಾತ ಸತ್ತಾಗ ನಾನು ಇನ್ನೂ ಚಡ್ಡಿ ಹಾಕದ ವಯಸ್ಸು. ಹೂವಿನ ಹಾರ ಹಾಕಿಕೊಂಡು ಕೂತಿದ್ದ ತಾತನನ್ನು ನೋಡಿ, ಇವರಿಗೆ ಏನೋ ಹಬ್ಬ ಅಂದುಕೊಂಡೆ. ಹತ್ತಿರ ಹೋಗಿ ಅವರ ನಶ್ಯದ ಡಬ್ಬಿಯನ್ನು ತೊಡೆಯ ಮೇಲಿಟ್ಟೆ. ಅಳುತ್ತಿದ್ದ ಹೆಂಗಸರೆಲ್ಲ ಒಂದು ಗಳಿಗೆ ನಕ್ಕರಂತೆ. ಕೂತವರಿಗೆ ನಾವು ಏನಾದರೂ ಕೊಡಬಹುದು. ಮಲಗಿದವರ ಹತ್ತಿರ ಮಕ್ಕಳು ಹೆದರುತ್ತಾರೆ.

ಇಷ್ಟೆಲ್ಲ ಗೊತ್ತಿದ್ದವನು ನಾನು. ಮುಂದೆ ನಮ್ಮಪ್ಪನನ್ನು ನನ್ನ ಕೈಯಾರೆ ಕೂರಿಸಿದವನು.

ಆರೇಳು ವರ್ಷದ ಹಿಂದೆ ಕ್ಲಬ್ಬಿಗೆ ನಾನು ಅಧ್ಯಕ್ಷನಾದೆ. ಪ್ರತಿ ಅಧ್ಯಕ್ಷನೂ ತನ್ನ ವರ್ಷಕ್ಕೆ ಒಂದು ದೊಡ್ಡ ಕೆಲಸ ಮಾಡಬೇಕು ಅನ್ನುವುದು ನಮ್ಮಲ್ಲಿರುವ ರೋಗ. ಘಟ್ಟದ ಕೆಳಗಿನ ಕ್ಲಬ್ಬಿನವರು ಹೆಣ ಇಡುವ ಫ್ರೀಜರ್ ಪೆಟ್ಟಿಗೆ ಕೊಂಡಿದ್ದರು. ಮೇಲೆ ಗಾಜು, ಕೆಳಗೆ ಮೋಟರು, ದೂರದಿಂದ ಬರುವ ಮಕ್ಕಳಿಗೆ ಮುಖ ಕೆಡದೆ ಸಿಗುತ್ತದೆ. ನಮಗೂ ಒಂದು ಬೇಕು ಅಂದೆ. ಎಲ್ಲರೂ ಕೈ ಎತ್ತಿದರು. ಎತ್ತಿದ ಕೈಗಳಲ್ಲಿ ಅರ್ಧಕ್ಕರ್ಧ ಸತ್ತವರನ್ನು ಕೂರಿಸುವ ಮನೆಯವರ ಕೈ! ಒಬ್ಬನಾದರೂ "ನಮ್ಮೋರ್ನ ಇದ್ರೊಳ್ಗ ಎಂಗ್ ಮಡುಗೋದು?" ಅಂತ ಕೇಳಲಿಲ್ಲ. ಮಾದಪ್ಪನೂ ಕೇಳಲಿಲ್ಲ. ಅಧ್ಯಕ್ಷ ಹೇಳಿದ್ದಕ್ಕೆ ಕೈ ಎತ್ತುವುದೇ ಸೋದರಭಾವ ಅಂದುಕೊಂಡಿದ್ದ ಕಾಲ. ಪೆಟ್ಟಿಗೆಯದೇನೂ ತಪ್ಪಿಲ್ಲ ಅನ್ನಿ. ಮಲಗಿಸುವ ಜನಕ್ಕೆ ಅದರಿಂದ ಆಮೇಲೆ ಎಷ್ಟೋ ಉಪಕಾರವಾಗಿದೆ.

ಪೆಟ್ಟಿಗೆ ಬಂತು, ಪೂಜೆ ಆಯಿತು. ಆದರೆ ಯಾರೂ ಸಾಯಲಿಲ್ಲ. ನಗಬೇಡಿ. ವಾರಗಟ್ಟಲೆ ನಾನು ಬೆಳಿಗ್ಗೆ ಎದ್ದು ಫೋನು ನೋಡುತ್ತಿದ್ದೆ. ಕೆಮ್ಮುವ ಮುದುಕರನ್ನು ನಿಲ್ಲಿಸಿ ಆರೋಗ್ಯ ವಿಚಾರಿಸುತ್ತಿದ್ದೆ. ಟೀ ಅಂಗಡಿಯ ಮುಂದೆ ಕೂರುವ ಒಬ್ಬ ಅಜ್ಜ ನನ್ನನ್ನು ಕಂಡ ಕೂಡಲೇ ಎದ್ದು ನೆಟ್ಟಗೆ ನಿಂತು, "ಅಳ್ತ ತಗಳಪ್ಪ ಪ್ರೆಸಿಡೆಂಟು, ಇಡೀತೀನಾ ನೋಡು" ಅನ್ನುತ್ತಿದ್ದ.

ಹೀಗಿರುವಾಗ ಒಂದು ಬೆಳಿಗ್ಗೆ ಮಾದಪ್ಪನ ಫೋನು ಬಂತು. "ಅವ್ವ ಓಗ್ಬುಟ್ಲು ಕಣ್ಲಾ" ಅಂದ.

ಅಯ್ಯೋ ಅನ್ನುವ ಮೊದಲು ನನ್ನ ತಲೆಗೆ ಬಂದದ್ದು ಬೇರೆ. ಅವತ್ತು ಮಧ್ಯಾಹ್ನ ಕ್ಲಬ್ಬಿನ ಮೇಲಿನ ಪದಾಧಿಕಾರಿ ನಮ್ಮ ಕೆಲಸ ನೋಡಲು ಘಟ್ಟ ಹತ್ತಿ ಬರುವವರಿದ್ದರು. ಖಾಲಿ ಪೆಟ್ಟಿಗೆ ತೋರಿಸುವುದು ಹೇಗೆ ಅಂತ ನಾನು ಹಿಂದಿನ ದಿನವೆಲ್ಲ ಚಿಂತೆ ಮಾಡಿದ್ದೆ. ನನಗೆ ರೊಟ್ಟಿ ಕೊಟ್ಟ ಹೆಂಗಸು ಸತ್ತಳು ಅಂದಾಗ, ಸದ್ಯ ಚಿಂತೆ ತೀರಿತು ಅನ್ನಿಸಿತು. ಥೂ ಅನ್ನಿ. ನಾನೂ ದಿನಾ ಅನ್ನುತ್ತೇನೆ.

ಪಿಕಪ್ಪಿನಲ್ಲಿ ಪೆಟ್ಟಿಗೆ ಹಾಕಿಕೊಂಡು, ಬ್ಯಾನರು ಕಟ್ಟಿಕೊಂಡು, ಇಬ್ಬರು ಸದಸ್ಯರನ್ನೂ ಕೂರಿಸಿಕೊಂಡು ಹೋದೆ. ನಡುಮನೆಯಲ್ಲಿ ಮಾದಪ್ಪನ ಚಿಕ್ಕವ್ವ ಆಗಲೇ ಚೆನ್ನಾಜಮ್ಮನ ಮಂಡಿಗೆ ಕೈ ಹಾಕಿದ್ದಳು. ಗೋಡೆಗೆ ಕಂಬಳಿ ಹಾಸಿತ್ತು.

"ಒಸಿ ತಡಿ ಚಿಕ್ಕವ್ವ" ಅಂದೆ. "ತಿರುಪ್ಪೂರಿಂದ ಮಗ್ಳು ಬರ್ಬೇಕು. ನಾಳ ಆಯ್ತದ. ಅಲ್ಲಿಗಂಟ ಇದ್ರೊಳ್ಗ ಇರ್ಲಿ, ಮಖ ಕೆಡಕಿಲ್ಲ."

"ಬಿಸಿ ಆರಕ್ ಮುಂಚ್ಯ ಕೂರುಸ್ಬೇಕು ಕಣಪ್ಪ. ಆಮೇಕ ಮೈ ಬಗ್ಗದಾ?"

"ನಾಳ ತಗ್ದು ಕೂರುಸಿದ್ರಾಯ್ತು. ನಾನು ಇಚಾರ್ಸಿವ್ನಿ."

ನಾನು ಯಾರನ್ನೂ ವಿಚಾರಿಸಿರಲಿಲ್ಲ. ಮಾದಪ್ಪ ನನ್ನ ಮುಖ ನೋಡಿದ. ಆಮೇಲೆ ನನ್ನ ಹಿಂದೆ ಪಿನ್ನು ಹಾಕಿಕೊಂಡು ಕೈಕಟ್ಟಿ ನಿಂತಿದ್ದ ಇಬ್ಬರನ್ನು ನೋಡಿದ.

"ಆಯ್ತದ್ಲಾ?" ಅಂದ.

"ಆಯ್ತದ" ಅಂದೆ.

ಇದೇ ನಾನು ಆಡಿದ ದೊಡ್ಡ ಸುಳ್ಳು. ಒಂದೇ ಒಂದು ಮಾತು. ಚಿಕ್ಕವ್ವ ಕೈ ತೆಗೆದಳು. ನಾವು ಚೆನ್ನಾಜಮ್ಮನನ್ನು ಎತ್ತಿ ಗಾಜಿನ ಕೆಳಗೆ ಉದ್ದಕ್ಕೆ ಮಲಗಿಸಿದೆವು. ಮೋಟರು ಗುಂಯ್ ಅಂತ ಶುರುವಾಯಿತು. ಮೋಟರಿನ ಸದ್ದು ಕೇಳಿದರೆ ಒಳಗೆ ಏನು ಸರಿಯಿಲ್ಲ ಅಂತ ಹೇಳಬಲ್ಲವನು ನಾನು. ಆ ಸದ್ದು ಚೆನ್ನಾಗಿತ್ತು ಅಂತ ತಲೆದೂಗಿದೆ! ಮಧ್ಯಾಹ್ನ ಪದಾಧಿಕಾರಿ ಬಂದರು, ಹಾರ ಹಾಕಿದರು, "ರೊಂಬ ಸಂತೋಷಂ" ಅಂದವರು ಸಾವಿನ ಮನೆ ಅಂತ ನೆನಪಾಗಿ ತಕ್ಷಣ ಮುಖ ಸಪ್ಪಗೆ ಮಾಡಿಕೊಂಡರು. ಫೋಟೋ ತೆಗೆದರು. ಆ ಫೋಟೋದಲ್ಲಿ ನಾನು ಪೆಟ್ಟಿಗೆಯ ಮೇಲೆ ಕೈಯಿಟ್ಟು, ಹೊಸ ಟ್ರ್ಯಾಕ್ಟರು ಕೊಂಡವನ ಹಾಗೆ ನಿಂತಿದ್ದೇನೆ.

ಮಾರನೆಯ ದಿನದ್ದನ್ನು ಉದ್ದ ಹೇಳಲಾರೆ. ಮಗಳು ಬಂದಳು. ಪೆಟ್ಟಿಗೆ ತೆರೆದೆವು. ಚೆನ್ನಾಜಮ್ಮ ಮರದ ಹಲಗೆಯಾಗಿದ್ದಳು. ಬಿಸಿನೀರು ಹೊಯ್ದರು. ಹರಳೆಣ್ಣೆ ತಿಕ್ಕಿದರು. ಇಬ್ಬರು ಹೆಗಲು ಹಿಡಿದರು, ಇಬ್ಬರು ಮಂಡಿ ಒತ್ತಿದರು. "ಬುಡ್ರೋ, ನಮ್ಮವ್ವನ್ ನೋಯ್ಸಬ್ಯಾಡ್ರೋ" ಅಂತ ಮಗಳು ಅವರ ಕೈಗಳ ಮೇಲೆ ಬಿದ್ದಳು. ಚಿಕ್ಕವ್ವ ನನ್ನ ಕಡೆ ತಿರುಗಿ, "ಇಚಾರ್ಸಿವ್ನಿ ಅಂದಲ್ಲಪ್ಪ, ಯಾರ್ನ ಇಚಾರ್ಸ್ದೆ?" ಅಂತ ಕೇಳಿದಳು. ಆಗ ಮಾದಪ್ಪ, "ಸಾಕು. ಮಲಗ್ಸಿ" ಅಂದ.

ಹೊರಗೆ ಹುಡುಗರು ಕಟ್ಟಿದ್ದ ವಿಮಾನ ಹೂವು ಮುಡಿದು ಖಾಲಿ ನಿಂತಿತ್ತು. ಚೆನ್ನಾಜಮ್ಮ ಹಗ್ಗದ ಮಂಚದ ಮೇಲೆ ಹೋದಳು. ಹೊಲದಲ್ಲಿ ಚೌಕವಾಗಿ ತೋಡಿದ್ದ ಗುಣಿಗೆ ಆಕೆ ಹಿಡಿಯಲಿಲ್ಲ. ಬಂದ ಜನವೆಲ್ಲ ನಿಂತಿರುವಾಗ, ಹೆಣವನ್ನು ಬದುವಿನ ಮೇಲಿಟ್ಟು, ಗುಣಿಯನ್ನು ಉದ್ದ ಮಾಡಿದರು. ಲಿಂಗ ಇಡಲು ಹೋದ ಐನೋರಿಗೆ ಆಕೆಯ ಬೆರಳು ಮಡಚಲು ಆಗಲಿಲ್ಲ. ದಾರ ಸುತ್ತಿ ಕಟ್ಟಿದರು. ಆ ಹೊತ್ತಿನಲ್ಲಿ ನಾನು ಎಲ್ಲಿದ್ದೆ ಅಂತೀರಾ? ಹೊಲದ ಅಂಚಿನಲ್ಲಿ ನಿಲ್ಲಿಸಿದ್ದ ಪಿಕಪ್ಪಿನ ಹತ್ತಿರ. ಪೆಟ್ಟಿಗೆಯ ಗಾಜನ್ನು ಬಟ್ಟೆಯಲ್ಲಿ ಒರೆಸುತ್ತಿದ್ದೆ.

ಮುಂದಿನ ಶನಿವಾರದ ಸಭೆಯಲ್ಲಿ ಪೆಟ್ಟಿಗೆಯ ಮೊದಲ ಸೇವೆ ಸುಗಮವಾಗಿ ನಡೆಯಿತು ಅಂತ ಓದಿದರು. ಅಲ್ಲಿದ್ದವರಲ್ಲಿ ಕೆಲವರು ಆ ಗುಣಿಯ ಪಕ್ಕ ನಿಂತಿದ್ದವರು. ಅವರೂ ಚಪ್ಪಾಳೆ ತಟ್ಟಿದರು. ಮಾದಪ್ಪ ತಲೆ ಬೋಳಿಸಿಕೊಂಡು, ಪಿನ್ನು ಹಾಕಿಕೊಂಡು ಬಂದಿದ್ದ. ಬೈಯುತ್ತಾನೆ ಅಂತ ಕಾದೆ. ಬೈಯಲಿಲ್ಲ. ಕ್ಲಬ್ಬು ಬಿಡುತ್ತಾನೆ ಅಂದುಕೊಂಡೆ. ಬಿಡಲೂ ಇಲ್ಲ. ಅವನು ನನಗೆ "ಲಾ" ಅನ್ನುವುದನ್ನು ನಿಲ್ಲಿಸಿದ, ಅಷ್ಟೇ. "ಬನ್ನಿ ಪ್ರೆಸಿಡೆಂಟ್ರೇ, ಕೂತ್ಕಳಿ ಪ್ರೆಸಿಡೆಂಟ್ರೇ" ಅನ್ನುವನು. ನನ್ನ ಅಧ್ಯಕ್ಷಗಿರಿ ಮುಗಿದು ಎಷ್ಟೋ ಜನ ಬಂದು ಹೋದರೂ ಅವನಿಗೆ ನಾನು ಪ್ರೆಸಿಡೆಂಟ್ರೇ. ಚಡ್ಡಿ ಹರಿದ ದಿನದಿಂದ ಏಕವಚನದಲ್ಲಿ ಬೈದವನು ಮರ್ಯಾದೆ ಕೊಡಲು ಶುರುಮಾಡಿದರೆ ಎಷ್ಟು ಉರಿಯುತ್ತದೆ ಅಂತ ಅನುಭವಿಸಿದವರಿಗೇ ಗೊತ್ತು. ಆರೇಳು ವರ್ಷ ಆ ಮರ್ಯಾದೆಯನ್ನು ತಿಂದೆ.

ನನಗೆ ಬೇಕಾಗಿದ್ದದ್ದು ಅವನ ಬೈಗುಳ. ಅದನ್ನು ಪಡೆಯುವ ದಾರಿ ಕಾಣದೆ ಈಚೆಗೆ ಇನ್ನೊಂದು ಮೂರ್ಖತನ ಮಾಡಿದೆ.

ಹೋದ ತಿಂಗಳು ಕ್ಲಬ್ಬಿನಲ್ಲಿ ಕುಟುಂಬ ಸಮೇತ ಊಟ ಇತ್ತು. ಹಳಬರೆಲ್ಲ ತಾವು ಮರೆಯಲಾಗದ ಒಂದು ಸೇವೆಯ ಬಗ್ಗೆ ಮಾತಾಡಬೇಕು ಅಂತ ಈಗಿನ ಅಧ್ಯಕ್ಷರು ಮೈಕು ಕೊಟ್ಟರು. ನಾನು ಎದ್ದು ನಿಂತೆ. ಎಲ್ಲವನ್ನೂ ಹೇಳಿದೆ. ವಿಚಾರಿಸಿದ್ದೇನೆ ಅಂದದ್ದು ಸುಳ್ಳು, ಮೈ ಬಗ್ಗುವುದಿಲ್ಲ ಅಂತ ನನಗೆ ಗೊತ್ತಿತ್ತು, ಪದಾಧಿಕಾರಿಗೆ ತೋರಿಸುವ ಆಸೆಗೆ ಮಾಡಿದೆ ಅಂದೆ. ಹಿಂದೆ ಯಾರೋ ಹೆಂಗಸು ಮೂಗು ಸೀಟಿದಳು. ನಾನು ಮುಗಿಸಿ ಮೈಕು ಕೆಳಗಿಟ್ಟೆ. ಆಮೇಲೆ ಒಬ್ಬ ಚಪ್ಪಾಳೆ ತಟ್ಟಿದ. ಆಮೇಲೆ ಎಲ್ಲರೂ. ಅಧ್ಯಕ್ಷರು ಓಡಿ ಬಂದು, ಇಂಥ ಸತ್ಯವಂತರು ನಮ್ಮ ಕ್ಲಬ್ಬಿನ ಆಸ್ತಿ ಅಂತ ಹೇಳಿ, ಬೇರೆ ಯಾರಿಗೋ ತಂದಿಟ್ಟಿದ್ದ ಶಾಲನ್ನು ನನಗೆ ಹೊದಿಸಿದರು. ನನ್ನ ಸಿಟ್ಟು ಅವರ ಮೇಲಲ್ಲ. ಅವರು ಹುಡುಗ, ಕ್ಲಬ್ಬು ಕಲಿಸಿದ್ದನ್ನು ಮಾಡಿದರು. ನಾನು ತಲೆ ಬಗ್ಗಿಸಿ ಹೊದಿಸಿಕೊಂಡೆನಲ್ಲ! ಕೈ ಮುಗಿದು ನಕ್ಕೆನಲ್ಲ! ತಲೆ ಎತ್ತಿದಾಗ ಮಾದಪ್ಪನ ಕುರ್ಚಿ ಖಾಲಿ. ಎಲೆಯಲ್ಲಿ ಅರ್ಧ ತಿಂದ ಕೇಸರಿಬಾತು.

ಮಾರನೆಯ ಬೆಳಿಗ್ಗೆ ಮೊಪೆಡ್ಡು ಹತ್ತಿ ಪಣಕಹಳ್ಳಿಗೆ ಹೋದೆ. ಅವನು ಹೊಲದಲ್ಲಿ ಕೋಸಿಗೆ ನೀರು ಕಟ್ಟುತ್ತಿದ್ದ.

"ಬನ್ನಿ ಪ್ರೆಸಿಡೆಂಟ್ರೇ. ಶಾಲು ಒದ್ದಂಡ್ ಬರ್ನಿಲ್ವಾ? ಚಳಿ ಅದ."

"ಮಾದ, ನಂಗ ತಡ್ಯಕಾಗ್ನಿಲ್ಲ. ಒಳ್ಗ ಮಡೀಕಂಡು ಮಡೀಕಂಡು..."

"ಅದ್ಕ ಮೈಕ್ ಇಡ್ದ್ಯಾ?" ಗುದ್ದಲಿಯನ್ನು ಕೆಸರಿಗೆ ಎಸೆದ. "ಯಾರ್ಗ ಯೋಳ್ಬೇಕಾಗಿತ್ಲಾ ಅದ? ಗೊಬ್ರದಂಗಡಿಯೋನ್ಗ? ಅವ್ನ ಎಡ್ತಿಗ? ಅವತ್ತು ನಮ್ಮವ್ವನ್ ಮಲಗ್ಸಿ ಫೋಟೋ ತಗಸ್ಕಂಡೆ. ನೆನ್ನ ಅವ್ಳನ್ನೇ ಅಗ್ದು ತಗ್ದು ತಂದು ಚಪ್ಪಾಳ ತಟ್ಟುಸ್ಕಂಡೆ. ಏನ್ ಬುದ್ಧಿಲಾ ನಿಂದು? ನಿನ್ ತಪ್ಪೂ ಒಂದ್ ಪೋಗ್ರಾಮಾ?"

ನಾನು ತಲೆ ತಗ್ಗಿಸಿ, "ನಂಗ ಗೊತ್ತಿತ್ತು ಕಣ್ಲಾ. ಆಗ್ದು ಅಂತ ಗೊತ್ತಿದ್ದೇ ಆಯ್ತದ ಅಂದೆ" ಅಂದೆ.

"ನಂಗ ಗೊತ್ತಿರ್ನಿಲ್ವಾ?" ಅವನ ಧ್ವನಿ ಒಡೆಯಿತು. "ನಮ್ಮಪ್ಪನ್ ಕಾಲ್ ಮಡಚ್ದೋನು ನಾನೇ. ಆಗ್ದು ಅಂತ ನಂಗೂ ಗೊತ್ತಿತ್ತು. ನಿನ್ ಇಂದ ಅವ್ರಿಬ್ರು ಪಿನ್ನಾಕಂಡ್ ನಿಂತಿದ್ರಲ್ಲ, ಬ್ಯಾಡ ಅಂದ್ರ ಅಳ್ಳಿ ಗುಗ್ಗು ಅಂದ್ಕತಾರ ಅಂತ ನಾಚ್ಕ ಆಯ್ತು. ಎತ್ತವ್ವನ್ಗಿಂತ ಅವ್ರು ಎಚ್ಚಾಗ್ಬುಟ್ರು ಕಣ್ಲಾ ನಂಗ. ಅದ್ನ ನಾನ್ ಯಾವ್ ಮೈಕಲ್ ಯೋಳ್ಳಿ? ನಂಗ್ಯಾವನ್ ಶಾಲ್ ಒದಿಸ್ತಾನ?"

ಇಷ್ಟು ವರ್ಷ ಆ ತಪ್ಪೆಲ್ಲ ನನ್ನೊಬ್ಬನದೇ ಅಂದುಕೊಂಡು, ಅದರಲ್ಲೂ ದೊಡ್ಡಸ್ತಿಕೆ ಮಾಡಿದ್ದೆ. ಅವನ ಪಾಲನ್ನು ಅವನು ಒಬ್ಬನೇ ಹೊತ್ತುಕೊಂಡು, ಕೋಸಿಗೆ ನೀರು ಕಟ್ಟುತ್ತಾ, ನನ್ನ ಪಕ್ಕದಲ್ಲೇ ಕೂತು ಬೋಂಡ ತಿಂದಿದ್ದ.

"ಬಾ ಇಲ್ಲಿ" ಅಂದ. ರಟ್ಟೆ ಹಿಡಿದು ಹೊಲದ ಮೂಲೆಗೆ ಎಳೆದುಕೊಂಡು ಹೋದ. ಅಲ್ಲಿ ಅವರ ಮನೆಯವರ ಸಮಾಧಿಗಳು. ಅವನ ತಾತ, ಅಜ್ಜಿ, ಅಪ್ಪ ಎಲ್ಲರದೂ ಚೌಕ, ತುಳಸಿಕಟ್ಟೆಯಷ್ಟು. ಕೊನೆಯಲ್ಲಿ ಒಂದು ಉದ್ದನೆಯದು. ಮಣ್ಣು ಮಾಡಿದ ದಿನದ ಮೇಲೆ ನಾನು ಅಲ್ಲಿಗೆ ಹೋಗಿರಲಿಲ್ಲ. ಅಷ್ಟು ಉದ್ದ ಇರುತ್ತದೆ ಅಂದುಕೊಂಡಿರಲಿಲ್ಲ.

"ಕುಂತ್ಕೊ" ಅಂದ. "ಯೋಳೋದಿದ್ರ ಅವ್ಳ್ಗ ಯೋಳು."

"ಮಂಡಿ ಮಡಚಕಾಗ್ದು ಕಣ್ಲಾ. ಡಾಕ್ಟ್ರು ನೆಲದ್ ಮ್ಯಾಲ ಕೂರ್ಬ್ಯಾಡ ಅಂದವ್ರ."

ಅವನು ನನ್ನ ಎರಡು ಹೆಗಲ ಮೇಲೂ ಕೈಯಿಟ್ಟ. "ಬಿಸಿ ಇನ್ನೂ ಆರಿಲ್ವಲ್ಲ ನಿಂಗ. ಆಯ್ತದ" ಅಂದ.

ಒತ್ತಿದ. ನಾನು ಅವನ ಸೊಂಟ ಹಿಡಿದುಕೊಂಡು ಕುಸಿದೆ. ಅವನು ಎದುರಿಗೆ ಕೂತು ಮೊದಲು ನನ್ನ ಬಲಗಾಲು, ಆಮೇಲೆ ಎಡಗಾಲು ಹಿಡಿದು ಮಡಚಿದ. ಮಂಡಿ ಲಟಕ್ ಅಂತು. ಪ್ರಾಣ ಹೋದ ಹಾಗಾಗಿ ನಾನು ಅವನ ವಂಶವನ್ನೆಲ್ಲ ಎತ್ತಿ ಬೈದೆ, ಅವನೂ ಬಿಡದೆ ನನ್ನ ವಂಶವನ್ನು ಬೈದ. ಎಡ ಮಂಡಿಯನ್ನು ಅಂಗೈಯಿಂದ ನೆಲಕ್ಕೆ ಒತ್ತಿ ಹಿಡಿದು, ಅದು ನಿಂತಿತು ಅಂತ ಗೊತ್ತಾದ ಮೇಲೆ ಕೈ ತೆಗೆದ. ಎದ್ದು, ಕೆಸರಿನಿಂದ ಗುದ್ದಲಿ ಕಿತ್ತುಕೊಂಡು ಕೋಸಿನ ಕಡೆ ಹೊರಟುಹೋದ.

ನಾನು ಆಕೆಯ ಕಾಲಿನ ಕಡೆ ಕೂತಿದ್ದೆನೋ ತಲೆಯ ಕಡೆಯೋ ತಿಳಿಯಲಿಲ್ಲ. ಅವ್ವ, ನನಗೆ ಗೊತ್ತಿತ್ತು, ಅಂದೆ. ಆಮೇಲೆ ಹೇಳಲು ಏನೂ ಉಳಿಯಲಿಲ್ಲ. ಮೈಕಿನ ಮುಂದೆ ಅಷ್ಟು ಹೊತ್ತು ಹೇಳಿದ್ದು ಇಷ್ಟೇ ಇತ್ತು. ಕಣ್ಣಲ್ಲಿ ನೀರು ಬಂದದ್ದು ದುಃಖಕ್ಕೋ ಮಂಡಿಯ ನೋವಿಗೋ ನಾನು ಬಿಡಿಸಿ ಹೇಳಲಾರೆ.

ಏಳಲು ನೋಡಿದೆ. ಆಗಲಿಲ್ಲ. ಹಿಡಿದುಕೊಳ್ಳಲು ಅಲ್ಲಿ ಆಕೆಯ ಸಮಾಧಿ ಬಿಟ್ಟರೆ ಏನಿಲ್ಲ. ಅದರ ಮೇಲೆ ಕೈಯೂರಿ ಏಳಲು ಮನಸ್ಸು ಒಪ್ಪಲಿಲ್ಲ. "ಮಾದಾ, ಬಾರ್ಲಾ, ಎತ್ಲಾ" ಅಂತ ಕೂಗಿದೆ. ಅವನಿಗೆ ಕೇಳಿಸಿತು, ಕತ್ತು ತಿರುಗಿಸಿದ್ದು ಕಂಡೆ. ಮತ್ತೆ ಬಗ್ಗಿ ಕಾಲುವೆಯ ಒಂದು ಮಡೆಯನ್ನು ಮುಚ್ಚಿ ಇನ್ನೊಂದನ್ನು ಬಿಡಿಸಿದ. ಬಿಸಿಲು ಏರಿತು. ನಾನು ಕೂತೇ ಇದ್ದೆ. ನೀರು ಹೊಲದ ಕೊನೆಯ ಸಾಲು ಮುಟ್ಟುವವರೆಗೂ ಅವನು ಬರಲಿಲ್ಲ.